ತೊಳೆಯಬಾರದ ಗಿಂಡಿ

ಸುಂಟಿಕೊಪ್ಪದಲ್ಲಿ ನನಗೆ ‘ಚೀನಾ ರೈಟರ್’ ಎಂದು ಅಡ್ಡಹೆಸರು. ರೈಟರ್ ಎಂದರೆ ಪುಸ್ತಕ ಬರೆಯುವವನಲ್ಲ; ಮಾದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದವನು. ಇನ್ನು ಚೀನಾ ದೇಶವನ್ನು ನಾನು ಕಂಡೂ ಇಲ್ಲ. ಹೋಗಿದ್ದು ಮಲಯಾದ ಪೆನಾಂಗಿಗೆ, ಜೀವಮಾನದಲ್ಲಿ ಒಂದೇ ಸಲ, ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲದಲ್ಲಿ. ಅಲ್ಲಿಂದ ತಂದ ಒಂದು ಪುಟ್ಟ ಮಣ್ಣಿನ ಗಿಂಡಿಯಲ್ಲಿ ಹಾಲು ಸಕ್ಕರೆ ಇಲ್ಲದ ಟೀ ಮಾಡಿ, ಜಗುಲಿಗೆ ಬಂದವರಿಗೆಲ್ಲ ಕುಡಿಸಿ, ಚೀನೀಯರ ಸಂಪ್ರದಾಯದ ಬಗ್ಗೆ ಎರಡು ಮಾತು ಹೇಳದೆ ಯಾರನ್ನೂ ಎದ್ದು ಹೋಗಲು ಬಿಡುತ್ತಿರಲಿಲ್ಲ. ಅದರಿಂದ ಅಂಟಿದ ಹೆಸರು. ಚೀನಾದ ಜತೆ ಯುದ್ಧವಾದ ವರ್ಷ ಮಾತ್ರ ಇದರಿಂದ ಸ್ವಲ್ಪ ಇರುಸುಮುರುಸಾಯಿತು. ಮಡಿಕೇರಿ ಬಸ್ಸಿನಲ್ಲಿ ಯಾರೋ ಸ್ನೇಹಿತ ಹಿಂದಿನ ಸೀಟಿನಿಂದ ಆ ಹೆಸರು ಹಿಡಿದು ಕೂಗಿದ್ದಕ್ಕೆ, ಬಸ್ಸಿಗೆ ಬಸ್ಸೇ ನನ್ನ ಮೂಗು ಕಣ್ಣು ಪರೀಕ್ಷೆ ಮಾಡಿತು.

ಆ ದೇಶದ ಮೇಲಿನ ಪ್ರೀತಿಯಿಂದ ನಾನು ಈ ಪ್ರಚಾರಕ್ಕೆ ಇಳಿದೆ ಎಂದು ಊರಿನವರ ನಂಬಿಕೆ. ಅದು ಪ್ರೀತಿಯಲ್ಲ, ಶಿಕ್ಷೆ. ಒಬ್ಬ ಹುಡುಗಿ ವಿಧಿಸಿದ್ದು. ಯಾಕೆ ವಿಧಿಸಿದಳು ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಈಗ ಹಲ್ಲೆಲ್ಲ ಹೋಗಿವೆ, ಮಾನದ ಚಿಂತೆಯೂ ಅಷ್ಟಿಲ್ಲ. ಬರೆದುಬಿಡುತ್ತೇನೆ.

ಹಡಗಿನಲ್ಲಿ

ಪೆನಾಂಗಿನಲ್ಲಿ ನನ್ನ ತಂಗಿ ಶಾರದೆ ಇದ್ದಳು. ಅವಳ ಗಂಡ ರಂಗಸ್ವಾಮಿ ಅಲ್ಲಿ ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿದ್ದ. ಮದುವೆಯಾಗಿ ಹೋದವಳು ನಡುವೆ ಮಹಾಯುದ್ಧ ಬಂದು ಅಲ್ಲೇ ಉಳಿದುಬಿಟ್ಟಿದ್ದಳು. “ನಾನ್ ಕಣ್ಮುಚ್ಚೋದ್ರೊಳ್ಗೆ ಅವ್ಳು ಹೆಂಗವ್ಳೆ ಅಂತ ಯಾರಾದ್ರೂ ಹೋಗಿ ನೋಡ್ಕೊಂಡ್ ಬನ್ರೋ” ಎಂದು ಅವ್ವ ಹಟ ಹಿಡಿದಳು. ಮನೆಯಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ಮಡಿಕೇರಿಯ ಹೈಸ್ಕೂಲಿನಷ್ಟು ಇಂಗ್ಲಿಷ್. ಎಸ್ಟೇಟಿನ ಧಣಿ ರಜೆ ಕೊಟ್ಟರು. ಅವ್ವ ಒಂದು ಭರಣಿ ನಿಂಬೆ ಉಪ್ಪಿನಕಾಯಿ ಕೊಟ್ಟಳು. ನಾನು ನಮ್ಮ ತೋಟದ ಕಾಫಿ ಪುಡಿ ಮತ್ತು ಒಂದು ಹಿತ್ತಾಳೆ ಫಿಲ್ಟರು ಕಟ್ಟಿಕೊಂಡೆ.

ಮದರಾಸಿನಿಂದ ಹಡಗು. ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಮಲಗುವ ತರಗತಿ ನಮ್ಮದು. ಪಕ್ಕದ ಚಾಪೆಯಲ್ಲಿ ಮಧುರೆ ಕಡೆಯ ಒಬ್ಬ ಜವಳಿ ವ್ಯಾಪಾರಿ. ಯಾವ ಊರು ಎಂದು ಕೇಳಿದರು. ಕೂರ್ಗ್ ಸ್ಟೇಟ್ ಎಂದೆ, ಎದೆ ಸ್ವಲ್ಪ ಉಬ್ಬಿಸಿಯೇ. ಅವರು ಕೇಳಿರಲಿಲ್ಲ.

“ಮೈಸೂರು ಗೊತ್ತು. ಇದೆಲ್ಲಿ ಬಂತು?”

“ಮೈಸೂರಿಗೆ ಸೇರಿದ್ದಲ್ಲ ಸ್ವಾಮಿ. ನಮ್ಮದೇ ರಾಜ್ಯ, ನಮ್ಮದೇ ಮಂತ್ರಿಗಳು.”

“ಎಷ್ಟು ಜನ ಮಂತ್ರಿಗಳು?”

“ಇಬ್ಬರು.”

ಅವರು ಸ್ವಲ್ಪ ಯೋಚಿಸಿ, “ಒಬ್ಬರಿಗೆ ಜ್ವರ ಬಂದ ದಿನ ಏನು ಮಾಡುತ್ತೀರಿ?” ಎಂದರು. ಅಷ್ಟರಲ್ಲಿ ಹಡಗು ಒಂದು ಕಡೆಗೆ ವಾಲಿತು. ಅಲ್ಲಿಂದ ಮುಂದೆ ನನಗೆ ರಾಜ್ಯದ ನೆನಪೂ ಇಲ್ಲ, ಮಂತ್ರಿಗಳ ನೆನಪೂ ಇಲ್ಲ. ಉಪ್ಪಿನಕಾಯಿ ಭರಣಿ ತಬ್ಬಿಕೊಂಡು ಮಲಗಿದ್ದಷ್ಟೇ ನೆನಪು. ತಂಗಿಗೆ ತಲುಪಿದಾಗ ಭರಣಿ ಅರ್ಧವಾಗಿತ್ತು. ಇದನ್ನೂ ಅವ್ವನಿಗೆ ಹೇಳಿರಲಿಲ್ಲ.

ಪೆನಾಂಗ್, ಪಕ್ಕದ ಮನೆ

ಪೆನಾಂಗಿನ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದೇ ಗೋಡೆ. ತಂಗಿಯ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆಚೆ ಮನೆಯವರು ಸೀನುತ್ತಿದ್ದರು. ನಮ್ಮ ಎಸ್ಟೇಟಿನಲ್ಲಿ ಆಳುಗಳಿರುವ ಲೈನಿನ ಮನೆಗಳೂ ಹೀಗೇ ಸಾಲಾಗಿರುತ್ತವೆ; ಆದರೆ ಲೈನಿನಲ್ಲಿ ಆಚೆ ಮನೆಯ ಜಗಳದ ಮೂಲ, ವಿಸ್ತಾರ ಎಲ್ಲ ಈಚೆ ಮನೆಗೆ ಗೊತ್ತಿರುತ್ತದೆ. ಇಲ್ಲಿ ಸೀನು ಕೇಳಿಸುವಷ್ಟು ಹತ್ತಿರವಿದ್ದೂ ಒಬ್ಬರಿಗೊಬ್ಬರು ಏನೂ ಗೊತ್ತಿಲ್ಲ.

ಗೋಡೆಯಾಚೆ ಒಂದು ಚೀನೀ ಸಂಸಾರ. ಒಬ್ಬ ಮುದುಕರು, ಅವರ ಮೊಮ್ಮಗಳು ಸ್ಯೂ ಲಾನ್. ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿ, ಇಪ್ಪತ್ತರ ಆಸುಪಾಸು. ಸೈಕಲ್ಲಿನಲ್ಲಿ ಬರುವಾಗ ಬೀದಿ ತಿರುವಿನಲ್ಲೇ ಮಾತು ಶುರು ಮಾಡಿ, ಸ್ಟ್ಯಾಂಡ್ ಹಾಕುವ ಹೊತ್ತಿಗೆ ಅರ್ಧ ಮುಗಿಸಿರುತ್ತಿದ್ದಳು. ಅವಳೂ ನಾನೂ ಇಂಗ್ಲಿಷಿನಲ್ಲೇ ಮಾತಾಡಬೇಕಿತ್ತು. ಅವಳದು ಸಲೀಸು, ನನ್ನದು ಎತ್ತಿನ ಗಾಡಿ.

ನಾನು ಹೋದ ಮೂರನೇ ದಿನವೋ ನಾಲ್ಕನೇ ದಿನವೋ ಅವಳು ಬಂದು, “ಅಂಕಲ್, ನಮ್ಮ ತಾತ ನಿಮ್ಮನ್ನು ಟೀ ಕುಡಿಯಲು ಕರೆದಿದ್ದಾರೆ. ಅಕ್ಕಾ, ನೀವೂ ಬನ್ನಿ” ಎಂದಳು.

ಶಾರದೆ ನನ್ನ ಕಿವಿಯಲ್ಲಿ, “ಆ ಅಜ್ಜಂಗೆ ಅದೇನೋ ಕಾಯಿಲೆ ಕಣಣ್ಣ. ಬೆಳಿಗ್ಗೆಯಿಂದ ಸಂಜೆವರ್ಗೂ ಚಿಟಿಕೆಯಷ್ಟು ಬಟ್ಲಲ್ಲಿ ಔಷ್ದಿ ಕುಡೀತಾನೇ ಇರ್ತಾರೆ. ನಾ ಬಂದಾಗಿಂದ ನೋಡ್ತಿದೀನಿ, ವಾಸಿಯಾಗಿಲ್ಲ” ಎಂದಳು.

ಆ ಔಷಧಿಯೇ ಟೀ ಎಂದು ಅವತ್ತು ಗೊತ್ತಾಯಿತು. ಕಿತ್ತಳೆ ಹಣ್ಣಿನ ಗಾತ್ರದ ಕಂದು ಮಣ್ಣಿನ ಗಿಂಡಿ. ಅದಕ್ಕೆ ಒಪ್ಪುವ ಪುಟ್ಟ ಬಟ್ಟಲುಗಳು, ನಮ್ಮಲ್ಲಿ ಮಕ್ಕಳಿಗೆ ಹರಳೆಣ್ಣೆ ಕುಡಿಸಲು ಇಟ್ಟುಕೊಳ್ಳುವಂಥವು. ಹುಡುಗಿ ಗಿಂಡಿಯ ಒಳಗೆ ಬಿಸಿನೀರು ಹಾಕಿದಳು, ಹೊರಗೂ ಸುರಿದಳು, ಮೊದಲನೇ ಟೀಯನ್ನು ಪೂರಾ ಚೆಲ್ಲಿದಳು. ನಾನು ದಂಗಾದೆ. ಕೊನೆಗೆ ಎರಡನೆಯದನ್ನು ಬಟ್ಟಲಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟಳು.

ಬೇರೆಯವರ ಮನೆಯ ಪಾತ್ರೆಯನ್ನು ಕಚ್ಚಿ ಕುಡಿಯಬಾರದು, ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು ಎಂದು ಅವ್ವ ಕಲಿಸಿದ್ದಳು. ನಾನು ಮರ್ಯಾದಸ್ಥ. ತಲೆ ಹಿಂದಕ್ಕೆ ಚಾಚಿ, ಬಟ್ಟಲು ಎತ್ತಿ, ಕುದಿಯುವ ಟೀಯನ್ನು ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡೆ.

ನಂತರ ಆ ಹುಡುಗಿ ಬಹಳ ಹೊತ್ತು ಗಿಂಡಿಯನ್ನು ತೋರಿಸಿ ಏನೇನೋ ವಿವರಿಸಿದಳು. ಅವಳ ಬಾಯಿ ಆಡುವುದು ಕಾಣುತ್ತಿತ್ತು. ನನ್ನ ಜೀವವೆಲ್ಲ ನಾಲಿಗೆಯಲ್ಲಿತ್ತು. ಎಲ್ಲದಕ್ಕೂ ತಲೆ ಆಡಿಸಿದೆ. ಮುಂದಿನ ಅನಾಹುತದ ಬೀಜ ಆ ತಲೆಯಾಡಿಸುವುದರಲ್ಲೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಕೊಟ್ಟದ್ದನ್ನು ಉಳಿಸಿದರೆ ನಮ್ಮಲ್ಲಿ ಮನೆಯವರಿಗೆ ಅವಮಾನ. ಬಟ್ಟಲು ಖಾಲಿ ಬಿಟ್ಟರೆ ಅವರಲ್ಲಿ ಅತಿಥಿಗೆ ಅವಮಾನ. ಅವಳು ತುಂಬಿಸಿದಳು, ನಾನು ಖಾಲಿ ಮಾಡಿದೆ, ಅವಳು ತುಂಬಿಸಿದಳು. ಕಡೆಗೆ ಶಾರದೆ, “ಅಣ್ಣ, ನೀನ್ ನಿಲ್ಲಿಸ್ದಿದ್ರೆ ಆಯಮ್ಮ ಬಾವಿ ಬತ್ತೋವರ್ಗೂ ನಿಲ್ಸಲ್ಲ” ಎಂದು ಬಟ್ಟಲು ಕಿತ್ತುಕೊಂಡಳು. ಕುಡಿಸಿದವರಿಗೆ ಬಾಯಲ್ಲಿ ಥ್ಯಾಂಕ್ಸ್ ಹೇಳಬೇಕಿಲ್ಲ, ಎರಡು ಬೆರಳಿನಿಂದ ಮೇಜು ತಟ್ಟಿದರೆ ಸಾಕು ಎಂದು ಸ್ಯೂ ಲಾನ್ ತೋರಿಸಿಕೊಟ್ಟಳು. ಮಾತಾಡಲಾಗದ ಸ್ಥಿತಿಯಲ್ಲಿದ್ದ ನನಗೆ ಅಷ್ಟು ಒಳ್ಳೆಯ ಪದ್ಧತಿ ಬೇರೆ ಇಲ್ಲ ಅನ್ನಿಸಿತು.

ಸ್ಯೂ ಲಾನಳ ಹಟ

ಪೆನಾಂಗಿನವರೂ ಕಾಫಿ ಕುಡಿಯುತ್ತಾರೆ. ಬೀಜವನ್ನು ಇದ್ದಲಾಗುವವರೆಗೆ ಹುರಿದು, ಡಬ್ಬಿ ಹಾಲು ಬೆರೆಸಿ, ತಟ್ಟೆಗೆ ಸುರಿದು ಸೊರ್ರೆಂದು ಕುಡಿಯುತ್ತಾರೆ. ತಟ್ಟೆಗೆ ಸುರಿಯುವುದು ನೋಡಿ ನಮ್ಮೂರಿನವರೇ ಅನ್ನಿಸಿತು. ಹುರಿದದ್ದು ನೋಡಿ ಅಲ್ಲ ಅನ್ನಿಸಿತು. ನಾನು ಫಿಲ್ಟರು ತೆಗೆದು ಸ್ಯೂ ಲಾನಳಿಗೆ ನಮ್ಮ ಕಾಫಿ ಮಾಡಿಕೊಟ್ಟೆ. ಅವಳಿಗೆ ಕಾಫಿಗಿಂತ ಫಿಲ್ಟರಿನ ಮೇಲೆ ಕುತೂಹಲ.

“ಎಷ್ಟು ಫಳಫಳ ಅನ್ನುತ್ತದೆ. ಹೊಸದಾ ಅಂಕಲ್?”

“ನನ್ನ ಮದುವೆಯಲ್ಲಿ ಬಂದದ್ದು. ದಿನಾ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತೇವೆ. ನನ್ನ ಹೆಂಡತಿ ಒಂದು ಸಲ ಉಜ್ಜಿದ ಮೇಲೆ ನಾನು ಇನ್ನೊಂದು ಸಲ ಉಜ್ಜುತ್ತೇನೆ.”

“ದಿನಾ?” ಎಂದು ಅವಳು ನಕ್ಕಳು. ಹೊಗಳಿದಳು ಎಂದುಕೊಂಡೆ.

ಅವಳಿಗೊಂದು ಕನಸಿತ್ತು. ತನ್ನ ಜನರ ಹಳೆಯ ವಿದ್ಯೆಗಳನ್ನು ಎಲ್ಲರಿಗೂ ತೋರಿಸಬೇಕು: ಟೀ ಮಾಡುವ ಕ್ರಮ, ಕುಂಚದಲ್ಲಿ ಅಕ್ಷರ ಬರೆಯುವುದು, ಕಾಗದದ ದೀಪ ಮಾಡುವುದು. ತಿಂಗಳಿಗೊಂದು ಸಂಜೆ, ಯಾವ ಜಾತಿಯವರು ಬೇಕಾದರೂ ಬರಬಹುದು. ಅವಳ ಜತೆ ಓದಿದವರು ಇದನ್ನೆಲ್ಲ ಮುದುಕರ ಚಟ ಎಂದು ಬಿಟ್ಟುಬಿಟ್ಟಿದ್ದರಂತೆ. ಬೇರೆಯವರಿಗೋ ಗೊತ್ತೇ ಇಲ್ಲ.

“ಅಕ್ಕ ಇಷ್ಟು ವರ್ಷ ನಮ್ಮ ಗೋಡೆಗೆ ಗೋಡೆ ಸೇರಿಸಿಕೊಂಡು ಇದ್ದಾರೆ. ನಮ್ಮ ತಾತ ರೋಗಿ ಅಂತ ತಿಳಿದಿದ್ದರು. ಅಂಕಲ್, ಇದಕ್ಕಿಂತ ಅವಮಾನ ಬೇಕಾ?”

ಶಾರದೆ ಬೇಳೆ ಆರಿಸುವುದರಲ್ಲಿ ಮುಳುಗಿಹೋದವಳಂತೆ ಮಾಡಿದಳು.

ಮುದುಕರಿಗೆ ಇದು ಇಷ್ಟವಿರಲಿಲ್ಲ. ಮನೆಯಲ್ಲಿ ಮಾಡುವುದನ್ನು ವೇದಿಕೆ ಮೇಲೆ ಮಾಡಿದರೆ ಅದು ಸರ್ಕಸ್ಸು ಎನ್ನುತ್ತಿದ್ದರಂತೆ. ಮೊಮ್ಮಗಳು ಬಿಡಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು: ಒಂದು ಸಲ ಮಾಡಿ ನೋಡು, ಜನ ನಕ್ಕರೆ ಅಲ್ಲಿಗೇ ಮುಗಿಯಿತು. ಕುಂಚದ ವಿದ್ಯೆ ಗೊತ್ತಿದ್ದವರು ಅವರೊಬ್ಬರೇ. ಅವರು ಮುಂದೆ ಬರದಿದ್ದರೆ ಅವಳ ಬಾಕಿ ಸಂಜೆಗಳೆಲ್ಲ ಇಲ್ಲವೇ ಇಲ್ಲ.

ತಂಗಿಯ ಮನೆಯ ಎದುರಿಗೆ ನಮ್ಮ ದೇಶದವರು ಸೇರುವ ಒಂದು ಹಾಲ್ ಇತ್ತು. ರಂಗಸ್ವಾಮಿ ಓಡಾಡಿ ಅದನ್ನು ಒಂದು ಸಂಜೆಗೆ ಕೊಡಿಸಿದ. ಹಿಂದಿನ ದಿನ ಮಧ್ಯಾಹ್ನ ಸ್ಯೂ ಲಾನ್ ಸಾಮಾನನ್ನೆಲ್ಲ ತಂದು ತಂಗಿಯ ಮನೆಯಲ್ಲಿಟ್ಟಳು. ಆ ಹಳೆಯ ಗಿಂಡಿಯನ್ನು ಮಾತ್ರ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು.

“ನೋಡಿಕೊಳ್ಳಿ ಅಂಕಲ್. ಇಡೀ ಕಾರ್ಯಕ್ರಮವೇ ಇದು” ಎಂದು ಸೈಕಲ್ ಹತ್ತಿ ಶಾಲೆಗೆ ಹೋದಳು.

ಹುಣಸೆಹಣ್ಣು

ಶಾರದೆ ಮಾರ್ಕೆಟ್ಟಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ. ಬಟ್ಟೆ ಬಿಚ್ಚಿ ಗಿಂಡಿಯ ಮುಚ್ಚಳ ತೆಗೆದು ನೋಡಿದೆ. ಒಳಗೆ ಕರ್ರಗೆ ಪಾಚಿ ಕಟ್ಟಿದ ಹಾಗೆ ಕಿಟ್ಟ.

ಪಾಪ ಅನ್ನಿಸಿತು. ತಾಯಿ ಇಲ್ಲದ ಹುಡುಗಿ, ಶಾಲೆ, ಮನೆ, ಮುದುಕರ ಸೇವೆ. ಪಾತ್ರೆ ತಿಕ್ಕಲು ಪುರುಸೊತ್ತೆಲ್ಲಿ? ನಾಳೆ ನಾಲ್ಕು ಜನ ದೊಡ್ಡವರ ಮುಂದೆ ಯಾರಾದರೂ ಮುಚ್ಚಳ ತೆಗೆದು ನೋಡಿದರೆ ಅವಳ ಮುಖ ಎಲ್ಲಿಡಬೇಕು? ನಮ್ಮ ಮನೆಗೆ ಬಂದ ಇನ್ನೊಬ್ಬರ ಪಾತ್ರೆಯನ್ನು ಹಾಗೇ ಹಿಂದಿರುಗಿಸುವವರು ನಾವಲ್ಲ.

ತಂಗಿಯ ಅಡುಗೆಮನೆಯಲ್ಲಿ ಹುಣಸೆಹಣ್ಣಿತ್ತು. ಒಲೆಯಲ್ಲಿ ಬೂದಿಯಿತ್ತು. ತೆಂಗಿನ ನಾರಿತ್ತು. ಪಂಚೆ ಎತ್ತಿ ಕಟ್ಟಿ ಕೂತೆ. ಕಿಟ್ಟ ಸುಲಭಕ್ಕೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮೂತಿಯ ಒಳಗೆ ಕಡ್ಡಿಗೆ ಬಟ್ಟೆ ಸುತ್ತಿ ತಿರುವಿದೆ. ಕೊನೆಗೆ ಗಿಂಡಿ ಒಳಗೂ ಹೊರಗೂ ಒಂದೇ ಬಣ್ಣಕ್ಕೆ ಬಂತು, ಈಗ ತಾನೇ ಕುಂಬಾರನ ಚಕ್ರದಿಂದ ಇಳಿದ ಹಾಗೆ. ಕಿಟಕಿಯ ಮೇಲೆ ಬೋರಲು ಹಾಕಿ, ಒಣಗಿದ ಮೇಲೆ ರೇಷ್ಮೆ ಬಟ್ಟೆಯಲ್ಲಿ ಮೊದಲಿನಂತೆಯೇ ಸುತ್ತಿಟ್ಟೆ. ಹೇಳಬಾರದು, ನೋಡಿದಾಗ ತಾನೇ ಬೆರಗಾಗಲಿ ಎಂದು ಒಳಗೊಳಗೇ ಹಿಗ್ಗಿದೆ.

ಸಂಜೆ ಅವಳು ಭಾಷಣ ಅಭ್ಯಾಸ ಮಾಡಲು ಬಂದಳು. ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ನಾನೇ ಸಭೆ ಎಂದು ಭಾವಿಸಿ ಮಾತು ಶುರು ಮಾಡಿದಳು. ಮೊದಲು ಹೊಸ ಗಿಂಡಿಗಳಲ್ಲಿ ಟೀ ಮಾಡಿ ಎಲ್ಲರಿಗೂ ಕೊಡುತ್ತಾಳೆ. ಆಮೇಲೆ ಕೊನೆಯಲ್ಲಿ ಹಳೆಯ ಗಿಂಡಿ.

“ಇದನ್ನು ನನ್ನ ಮುತ್ತಾತ ಚೀನಾದಿಂದ ಬರುವಾಗ ಮಡಿಲಲ್ಲಿಟ್ಟುಕೊಂಡು ತಂದರು. ಅಂದಿನಿಂದ ಇದನ್ನು ಯಾರೂ ತೊಳೆದಿಲ್ಲ. ಬರೀ ನೀರು ಹಾಕಿ ಕುಲುಕಿ ಚೆಲ್ಲುತ್ತೇವೆ, ಅಷ್ಟೇ. ಮುತ್ತಾತ ಕುಡಿದ ಟೀ, ತಾತ ಕುಡಿದ ಟೀ, ಎಲ್ಲ ಇದರ ಒಳಗೆ ಪದರ ಪದರವಾಗಿ ಕೂತಿದೆ. ಈಗ ಇದಕ್ಕೆ ಒಂದು ಎಲೆಯನ್ನೂ ಹಾಕುವುದಿಲ್ಲ. ಬರೀ ಬಿಸಿನೀರು ಹಾಕುತ್ತೇನೆ. ನೀವು ಕುಡಿಯುವುದು ಟೀ.” ಅವಳು ನನ್ನ ಮುಖ ನೋಡಿದಳು. “ಹೇಗಿದೆ ಅಂಕಲ್? ಅವತ್ತು ನಿಮಗೆ ಹೇಳಿದೆನಲ್ಲ, ಅದನ್ನೇ ಸ್ವಲ್ಪ ಚಂದ ಮಾಡಿದ್ದೇನೆ.”

“ಚೆನ್ನಾಗಿದೆ” ಎಂದೆ.

ಅವಳು ಹೋದ ಮೇಲೆ ಅಡುಗೆಮನೆಯಿಂದ ಶಾರದೆ, “ಅಣ್ಣ, ಸಾರಿಗೆ ಇಟ್ಟಿದ್ ಹುಣ್ಸೆಹಣ್ ಎಲ್ಲೋಯ್ತು?” ಎಂದಳು. ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೂತುಬಿಟ್ಟಳು.

“ಈಗ್ಲೇ ಹೋಗಿ ಹೇಳ್ಬಿಡು.”

“ಹೇಳ್ತೀನಿ.”

“ಬೆಳಿಗ್ಗೆ ಅನ್ಬೇಡ. ಈಗ್ಲೇ.”

“ಹೇಳ್ತೀನಿ ಅಂದ್ನಲ್ಲ.”

ಹೇಳಲಿಲ್ಲ. ಆಚೆ ಮನೆ ಬಾಗಿಲವರೆಗೆ ಹೋದೆ. ಒಳಗೆ ಅವಳು ತಾತನ ಮುಂದೆ ಅದೇ ಭಾಷಣವನ್ನು ಅವರ ಭಾಷೆಯಲ್ಲಿ ಒಪ್ಪಿಸುತ್ತಿದ್ದಳು. ಮುದುಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಚಪ್ಪಲಿ ಸದ್ದಾಗದಂತೆ ಹಿಂದಿರುಗಿದೆ. ತೊಳೆದದ್ದು ಅಜ್ಞಾನ, ಅದಕ್ಕೆ ಕ್ಷಮೆಯುಂಟು. ಅಲ್ಲಿಂದ ತಿರುಗಿ ಬಂದದ್ದಕ್ಕೆ ಏನೆನ್ನಲಿ?

ಸಭೆಯಲ್ಲಿ

ಜನ ಸಾಕಷ್ಟು ಬಂದಿದ್ದರು. ಆ ಹಾಲಿನ ಅಧ್ಯಕ್ಷರು, ದಪ್ಪ ಉಂಗುರದ ಒಬ್ಬ ಸಾಹುಕಾರರು. ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಟೋಪಿಯಿಟ್ಟ ಒಬ್ಬ ಬಿಳಿ ಹೆಂಗಸು. ಆಚೀಚೆ ಬೀದಿಯ ಸಂಸಾರಗಳು. ಮುದುಕರು ಬರುವುದಿಲ್ಲ ಎಂದಿದ್ದವರು ಬಂದು ಬಾಗಿಲ ಬಳಿ ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಸ್ಯೂ ಲಾನ್ ಚೆನ್ನಾಗಿ ಮಾತಾಡಿದಳು. ಹೊಸ ಗಿಂಡಿಗಳ ಟೀ ಎಲ್ಲರಿಗೂ ಹಿಡಿಸಿತು. ಎರಡು ಬೆರಳಿನಿಂದ ತಟ್ಟುವುದನ್ನು ಕಲಿಸಿದಾಗ ಸಭೆಯ ತುಂಬ ಟಕಟಕ ಸದ್ದು. ಆಮೇಲೆ ರೇಷ್ಮೆ ಬಟ್ಟೆ ಬಿಚ್ಚಿದಳು. ಗಡಿಬಿಡಿಯಲ್ಲಿದ್ದ ಹುಡುಗಿ ಗಿಂಡಿಯ ಬಣ್ಣವನ್ನೂ ಗಮನಿಸಲಿಲ್ಲ, ಒಳಗೂ ನೋಡಲಿಲ್ಲ. ಮುಚ್ಚಳ ತೆಗೆದು ನೀರು ಹಾಕಿದಳು, ಮುಚ್ಚಿದಳು, ಮುತ್ತಾತನ ಕಥೆ ಹೇಳಿದಳು.

ಮೊದಲನೇ ಬಟ್ಟಲು ನನಗೆ. “ಎಲ್ಲರಿಗಿಂತ ದೂರದಿಂದ, ಕಾಫಿಯ ನಾಡಿನಿಂದ ಬಂದ ಅತಿಥಿ” ಎಂದು ಪರಿಚಯಿಸಿ ಎರಡೂ ಕೈಯಿಂದ ಕೊಟ್ಟಳು.

ಈ ಸಲ ಕಚ್ಚಿ ಕುಡಿದೆ. ಬಿಸಿನೀರು. ಅದರಲ್ಲಿ ಸಾರಿನ ಪಾತ್ರೆ ತೊಳೆದ ನೀರಿನಂತೆ ತೀರಾ ತೆಳುವಾದ ಒಂದು ಹುಳಿ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. “ಬಹಳ ಚೆನ್ನಾಗಿದೆ” ಎಂದೆ. ಸಾಲದೆಂದು, “ಏನು ಪರಿಮಳ” ಎಂದೂ ಸೇರಿಸಿದೆ.

ಅಷ್ಟು ಸಾಕಾಯಿತು. ಅಧ್ಯಕ್ಷರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. “ಹಳೆಯದರ ಗತ್ತೇ ಬೇರೆ” ಎಂದರು. ಬಿಳಿ ಹೆಂಗಸು ಇದು ಹೊಸ ಗಿಂಡಿಗಳ ಟೀಗಿಂತ ಎಷ್ಟೋ ಗಾಢವಾಗಿದೆ ಎಂದಳು. ಹೆಡ್‌ಮಾಸ್ಟರು ನಾಲಿಗೆಯನ್ನು ಬಾಯೊಳಗೆ ಹೊರಳಿಸಿ, “ಸ್ವಲ್ಪ ಹುಳಿ ಇದೆ, ಗಮನಿಸಿದಿರಾ? ಉತ್ತಮ ದರ್ಜೆಯ ಚಹಾಕ್ಕೆ ಅದೇ ಲಕ್ಷಣ” ಎಂದು ಪಕ್ಕದವರಿಗೆ ವಿವರಿಸಿದರು. ಹುಡುಗಿಯ ಮುಖ ಅರಳಿತು. ಪಾಪಿ ನಾನು, ಬಚಾವಾದೆ ಎಂದುಕೊಂಡೆ.

ಕೊನೆಯ ಬಟ್ಟಲನ್ನು ಅವಳು ಬಾಗಿಲ ಬಳಿಗೆ ಒಯ್ದು ತಾತನಿಗೆ ಕೊಟ್ಟಳು. ಮುದುಕರು ಕುಡಿದರು. ಬಟ್ಟಲಿನ ಒಳಗೆ ನೋಡಿದರು. ಮೊಮ್ಮಗಳಿಗೆ ಒಂದೇ ಮಾತು ಹೇಳಿ, ಉಳಿದದ್ದನ್ನು ಅವಳ ಕೈಗೆ ಕೊಟ್ಟರು. ಅವಳು ಕುಡಿದಳು. ನಿಂತಲ್ಲೇ ನಿಂತಳು.

ಆಮೇಲೆ ವೇದಿಕೆಗೆ ವಾಪಸ್ಸು ಬಂದಳು. ನಾನಾಗಿದ್ದರೆ ಬರುತ್ತಿರಲಿಲ್ಲ. “ದಯವಿಟ್ಟು ಕ್ಷಮಿಸಿ. ನಾನು ಕೊಟ್ಟದ್ದು ಟೀ ಅಲ್ಲ, ನೀರು. ಏನಾಯಿತೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಇವತ್ತು ಅದು ಸುಳ್ಳಾಗಿದೆ” ಎಂದಳು.

ಅಧ್ಯಕ್ಷರು ಉಂಗುರ ತಿರುಗಿಸಿಕೊಂಡರು. ಹೆಡ್‌ಮಾಸ್ಟರು ಸೂರು ನೋಡಿದರು. ಹುಡುಗಿ ಖಾಲಿ ಬಟ್ಟಲು ಹಿಡಿದುಕೊಂಡೇ ವೇದಿಕೆ ಮೇಲೆ ನಿಂತಿದ್ದಳು, ನಾನು ಮುಂದಿನ ಸಾಲಿನಲ್ಲಿ. ಶಾರದೆ ಪಕ್ಕದಿಂದ ನನ್ನ ತೊಡೆ ಚಿವುಟಿದಳು. ಅವಳು ಚಿವುಟದಿದ್ದರೂ ಏಳುತ್ತಿದ್ದೆ ಎಂದು ಬರೆಯಲು ಆಸೆ, ಆದರೆ ಈ ಬರಹದಲ್ಲಿ ಸುಳ್ಳು ಬೇಡ.

ಎದ್ದೆ. ನನ್ನ ಇಂಗ್ಲಿಷ್ ಕೈಕೊಟ್ಟಿತು. ಕನ್ನಡದಲ್ಲೇ ಹೇಳಿದೆ, ರಂಗಸ್ವಾಮಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ. “ಗಿಂಡಿ ತೊಳೆದವನು ನಾನು. ಕೊಳಕು ಅಂತ ತಿಳಿದು ತೊಳೆದೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ನಿನ್ನೆ ಸಂಜೆಯೇ ತಪ್ಪು ಗೊತ್ತಾಯಿತು, ಹೇಳಲು ಧೈರ್ಯ ಬರಲಿಲ್ಲ. ಈಗ ನೀರು ಕುಡಿದು ಚೆನ್ನಾಗಿದೆ ಅಂದವನೂ ನಾನೇ. ಆ ಹುಳಿ ನಮ್ಮ ತಂಗಿ ಮನೆ ಹುಣಸೆಹಣ್ಣಿನದು.”

ಮೊದಲು ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ಆಮೇಲೆ ಇಡೀ ಸಭೆ ನಕ್ಕಿತು. ಹೊಗಳಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. ಜನ ನಕ್ಕರೆ ಅಲ್ಲಿಗೇ ಮುಗಿಯಿತು ಎಂಬ ಷರತ್ತು ನನಗೆ ಆಗ ನೆನಪಾಯಿತು.

ಸ್ಯೂ ಲಾನ್ ನಗಲಿಲ್ಲ. ಬಾಗಿಲ ಬಳಿಯಿಂದ ಮುದುಕರು ಏನೋ ಕೇಳಿದರು. ಅವಳು ಉತ್ತರ ಹೇಳಿದಳು. ಅವರು ಮತ್ತೆ ಏನೋ ಉದ್ದಕ್ಕೆ ಹೇಳಿದರು, ಗಡ್ಡ ಕೆರೆದುಕೊಳ್ಳುತ್ತಾ. ಅದನ್ನು ಕೇಳಿ ಅವಳು ನನ್ನ ಮೇಲಿದ್ದ ಕಣ್ಣು ಅವರ ಕಡೆ ತಿರುಗಿಸಿದಳು. ಏನು ಎಂದು ಸಭೆಯವರೆಲ್ಲ ಕೇಳಿದರು. ಅವಳು ಹೇಳಲಿಲ್ಲ. ಸಾಮಾನು ಕಟ್ಟಿಕೊಂಡು ಹೊರಟುಹೋದಳು.

ಬಂದರಿನ ಕಟ್ಟೆ

ಅವಳು ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಸೈಕಲ್ ಬೆಲ್ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನಾನು ಹೋಗಿ ಬಾಗಿಲು ತಟ್ಟಿದರೆ ಮುದುಕರು ತೆಗೆದು, ಒಂದು ಬಟ್ಟಲು ಟೀ ಕೊಟ್ಟು, ಏನೂ ಮಾತಾಡದೆ ಕಳಿಸುತ್ತಿದ್ದರು. ಮಾತಾಡಲು ನಮ್ಮಿಬ್ಬರಿಗೂ ಒಂದು ಭಾಷೆಯಿರಲಿಲ್ಲ ಎನ್ನುವುದೂ ನಿಜ. ನಾನು ಮೇಜು ತಟ್ಟಿ ಬರುತ್ತಿದ್ದೆ.

ಹೊರಡುವ ದಿನ ಕಟ್ಟೆಯ ಮೇಲೆ ಶಾರದೆ ಅಳುತ್ತಿದ್ದಳು. ನನ್ನ ಕೈಯಲ್ಲಿ ಅವಳು ಅವ್ವನಿಗೆಂದು ಕೊಟ್ಟ ಸೀರೆ. ಜನರ ನಡುವೆ ಸೈಕಲ್ ತಳ್ಳಿಕೊಂಡು ಸ್ಯೂ ಲಾನ್ ಬಂದಳು. ಕಾಗದದಲ್ಲಿ ಸುತ್ತಿದ ಏನನ್ನೋ ನನ್ನ ಎದೆಗೆ ಒತ್ತಿದಳು. ಹೊಸ ಗಿಂಡಿ, ಅವತ್ತಿನ ಸಭೆಯಲ್ಲಿ ಬಳಸಿದ್ದರಲ್ಲಿ ಒಂದು.

“ಇದು ಉಡುಗೊರೆ ಅಲ್ಲ ಅಂಕಲ್. ಶಿಕ್ಷೆ. ದಿನಾ ಇದರಲ್ಲಿ ಟೀ ಮಾಡಬೇಕು. ಬಂದವರಿಗೆ ಕೊಡಬೇಕು, ಇದು ಏನು ಅಂತ ಹೇಳಬೇಕು. ತೊಳೆಯಬಾರದು. ನಿಮ್ಮ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲ.”

“ಎಲ್ಲಿವರೆಗೆ?”

“ನೀರು ಟೀ ಆಗುವವರೆಗೆ.”

ಕೇಳಬೇಕೋ ಬೇಡವೋ ಎಂದು ಹಿಂಜರಿದು ಕೇಳಿದೆ. “ಜನ ನಕ್ಕರಲ್ಲ. ತಾತ ಏನಂದರು?”

“ನಕ್ಕದ್ದು ನಿಮ್ಮನ್ನು ನೋಡಿ, ಟೀ ನೋಡಿ ಅಲ್ಲ, ಅದು ಲೆಕ್ಕಕ್ಕಿಲ್ಲ ಅಂದರು. ಕುಂಚದ ದಿನ ತಾವೇ ಬಂದು ಕೂರುತ್ತಾರಂತೆ. ಕುಂಚಗಳನ್ನು ಯಾರೂ ತೊಳೆಯದ ಹಾಗೆ ಕಾಯಬೇಕಂತೆ.” ಅವಳ ಮುಖದಲ್ಲಿ ಮೊದಲ ಸಲ ನಗು ಕಂಡಿತು. “ಅವತ್ತು ಸಭೆಯಲ್ಲಿ ಅವರು ಇನ್ನೊಂದು ಮಾತು ಹೇಳಿದರು. ನಮ್ಮ ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಗಿಂಡಿಯನ್ನು ತೊಳೆದುಬಿಟ್ಟಿದ್ದರಂತೆ, ಮರಳು ಹಾಕಿ ಉಜ್ಜಿ. ಮುತ್ತಾತನಿಗೆ ಕೊನೆಯವರೆಗೂ ಗೊತ್ತಾಗದ ಹಾಗೆ ಅಜ್ಜಿ, ತಾತ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರಂತೆ. ನನಗೆ ಇಷ್ಟು ವರ್ಷ ಪದರ ಪದರ ಅಂತ ಕಥೆ ಹೇಳಿದ್ದಾರೆ ಅಂಕಲ್. ಅದಕ್ಕೇ ಮನೆಯಲ್ಲಿ ಅವರ ಜತೆಯೂ ನಾನು ಮಾತು ಬಿಟ್ಟಿದ್ದೆ.”

ಹಡಗಿನ ಸಿಳ್ಳೆ ಕೂಗಿತು. ಅವಳ ಸೈಕಲ್ಲಿನ ಸೀಟನ್ನು ಎರಡು ಬೆರಳಿನಿಂದ ತಟ್ಟಿ ಹಡಗು ಹತ್ತಿಬಿಟ್ಟೆ.

ಸುಂಟಿಕೊಪ್ಪ

ಶಿಕ್ಷೆ ಶುರುವಾಯಿತು. ಸುತ್ತ ಎತ್ತ ನೋಡಿದರೂ ಕಾಫಿ ಗಿಡ ಇರುವ ಊರಿನಲ್ಲಿ ಹಾಲಿಲ್ಲದ ಟೀ ಹಿಡಿದುಕೊಂಡು ಕೂರುವುದು ಸುಲಭವಲ್ಲ. ಪೋಸ್ಟ್‌ಮ್ಯಾನ್ ಕುಡಿದು, “ಯಾವ ಕಾಯಿಲೆಗೆ ರೈಟ್ರೇ ಇದು?” ಎಂದ. ಎಸ್ಟೇಟಿನ ಮಲಯಾಳಿ ಮೇಸ್ತ್ರಿ ಎರಡು ದಿನ ಬಂದವನು ಮೂರನೇ ದಿನ ತನ್ನ ಸಕ್ಕರೆ ತಾನೇ ಪೊಟ್ಟಣ ಕಟ್ಟಿಕೊಂಡು ಬಂದ. ನಾನು ಬಿಡಲಿಲ್ಲ. ಮೇಜು ತಟ್ಟುವುದನ್ನು ಎಲ್ಲರಿಗೂ ಕಲಿಸಿದೆ. ಅದು ಚೆನ್ನಾಗಿ ಹಬ್ಬಿತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ನನ್ನ ಶಿಷ್ಯರು ಕಾಫಿ ಬಂದಾಗ ಎರಡು ಬೆರಳಿನಿಂದ ತಟ್ಟುತ್ತಿದ್ದರು. ಹೋಟೆಲಿನ ಭಟ್ಟರು ಅದನ್ನು ಅವಸರ ಮಾಡುವುದೆಂದು ತಿಳಿದು, “ಬಂತಲ್ಲ ಮಾರಾಯ್ರೇ, ಇನ್ನೇನ್ ಕುಟ್ತೀರಿ” ಎಂದು ಗದರುತ್ತಿದ್ದರು.

ಹೊರಗಿನವರಿಂದ ಗಿಂಡಿಗೆ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಮನೆಯೊಳಗೆ. ನಮ್ಮ ಮನೆಯವಳು ಗಿರಿಜೆ ಅದನ್ನು ‘ನಿಮ್ಮ ಚೀನಾ ಕೊಳಕು’ ಎಂದೇ ಕರೆದದ್ದು. ಅವಳ ಕೈಯಲ್ಲಿ ಹುಣಸೆಹಣ್ಣು ಕಂಡರೆ ನಾನು ಗಿಂಡಿ ಎತ್ತಿಕೊಂಡು ಜಗುಲಿಗೆ ಹೋಗುತ್ತಿದ್ದೆ. “ಫಿಲ್ಟರ್ನ ದಿನಕ್ಕೆರಡು ಸಲ ತಿಕ್ಕೋ ಮನುಷ್ಯ, ಇದ್ಕೊಂದ್ ಚಿಟಿಕೆ ಬೂದಿ ಹಾಕಲ್ಲ ಅಂದ್ರೆ” ಎಂದು ಬಂದ ಹೆಂಗಸರ ಹತ್ತಿರ ಹೇಳಿ ನಗುತ್ತಿದ್ದಳು. ಆ ಗಿಂಡಿಯಿಂದ ಒಂದು ಹನಿಯನ್ನೂ ಅವಳು ಬಾಯಿಗೆ ಹಾಕಿದವಳಲ್ಲ.

ಆಗಾಗ ಯಾರಿಗೂ ಕಾಣದಂತೆ ಬರೀ ಬಿಸಿನೀರು ಹಾಕಿ ಕುಡಿದು ನೋಡುತ್ತಿದ್ದೆ. ಟೀ ಆದ ಹಾಗೂ ಅನ್ನಿಸುವುದು, ಆಗದ ಹಾಗೂ ಅನ್ನಿಸುವುದು. ಪೆನಾಂಗಿನ ಸಭೆಯಲ್ಲಿ ನೀರು ಕುಡಿದು ಪರ‍ಿಮಳ ಎಂದ ನಾಲಿಗೆ ಇದು. ಇದನ್ನು ನಂಬುವಂತಿಲ್ಲ. ಜಗುಲಿಗೆ ಬರುವವರನ್ನೂ ನಂಬುವಂತಿಲ್ಲ. ಮರ್ಯಾದೆಗೆ ಹೂಂ ಅನ್ನುತ್ತಾರೆ.

ಮೊನ್ನೆ ಮಳೆಗೆ ರಸ್ತೆ ಕುಸಿದು ಹಾಲು ಬರಲಿಲ್ಲ. ಹಾಲಿಲ್ಲದೆ ಕಾಫಿ ಕುಡಿಯುವವಳಲ್ಲ ಗಿರಿಜೆ. ಬೆಳಿಗ್ಗೆಯಿಂದ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಕೊನೆಗೆ ಸೋತು, “ಹೋಗ್ಲಿ, ಅದೇ ನಿಮ್ ಕಷಾಯಾನೇ ಒಂದ್ ಲೋಟ ಕೊಡಿ” ಎಂದಳು.

ಡಬ್ಬಿ ತೆಗೆದೆ. ಟೀ ಸೊಪ್ಪು ಮುಗಿದಿತ್ತು. ಹೇಳೋಣ ಎಂದು ಬಾಯಿ ತೆರೆದವನು ಮುಚ್ಚಿದೆ. ನೀರು ಕಾಯಿಸಿ ಗಿಂಡಿಗೆ ಹಾಕಿ, ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಅವಳ ಲೋಟಕ್ಕೆ ಬಗ್ಗಿಸಿದೆ. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ತೆಗೆದುಕೊಂಡಳು.

ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ಇನ್ನೊಂದು ಗುಟುಕು ಕುಡಿದಳು.

“ಸಕ್ಕರೆ ಹಾಕಿಲ್ಲ, ಗೊತ್ತಿರೋದೇ. ಟೀ ಸೊಪ್ಪಲ್ಲೂ ಯಾಕ್ ಜಿಪುಣತನ ಮಾಡಿದೀರಿ? ಇನ್ನೊಂದ್ ಚಿಟಿಕೆ ಹಾಕ್ಬಾರ್ದಿತ್ತಾ?”

ಅವಳ ಮುಂದಿದ್ದ ಮಣೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದೆ.